ಪಕ್ಕದ ಮನೆಯ ಮರ ನಿಮ್ಮ ಅಂಗಳಕ್ಕೆ ಬಿದ್ದರೆ, ಮಾತು ಮುಗಿಯೋ ತನಕ ದಿಮ್ಮಿ ಹೊರಗೆ ಬಿಡಬೇಡಿ

ಮಳೆಗಾಲ ಇನ್ನೂ ಬಾಕಿ ಇದೆ. ಪಕ್ಕದ ಮನೆಯ ದೊಡ್ಡ ಮರ ನಿಮ್ಮ ಕಡೆ ವಾಲಿದ್ದರೆ, ಅಥವಾ ಈಗಾಗಲೇ ಬಿದ್ದಿದ್ದರೆ, ದಯವಿಟ್ಟು ಇದನ್ನು ಓದಿ. ಮರ ಬಿದ್ದಿದ್ದಕ್ಕೆ ನನಗೆ ಸಿಟ್ಟಿಲ್ಲ. ಮಲೆನಾಡಲ್ಲಿ ಇದ್ದುಕೊಂಡು ಮರ ಬೀಳುತ್ತೆ ಅಂತ ಅಳೋಕಾಗುತ್ತಾ? ಬಿದ್ದ ಮೇಲೆ ಪಕ್ಕದ ಮನೆಯವರು ನಮಗೆ ಮಾಡಿದರಲ್ಲ, ಅದಕ್ಕೆ ಸಿಟ್ಟು. ದಿಮ್ಮಿ ಅವರಿಗೆ, ಸೊಪ್ಪು ಸದೆ ನಮಗೆ. ಅದರ ಮೇಲೆ ನಮ್ಮ ಕೈಯಿಂದಲೇ ದುಡ್ಡು ಇಸ್ಕೊಂಡರು.

ನಮ್ಮದು ಶಿವಮೊಗ್ಗದ ಅಂಚಿನ ಒಂದು ಬಡಾವಣೆ. ಪಕ್ಕದ ಮನೆಯವರ ಹಿತ್ತಲಲ್ಲಿ, ನಮ್ಮ ಕಾಂಪೌಂಡಿಗೆ ಅಂಟಿಕೊಂಡ ಹಾಗೆ ಒಂದು ಹಳೇ ಹಲಸಿನ ಮರ ಇತ್ತು. ಒಳ್ಳೇ ಗಟ್ಟಿ ಮರ. ಅದನ್ನು ಕೆಡಿಸಿದ್ದು ಅವರೇ. ಮನೆ ರಿಪೇರಿ ಮಾಡಿಸಿದಾಗ ಹಿತ್ತಲಿಗೆ ಮಣ್ಣು ತುಂಬಿಸಿ ಎತ್ತರ ಮಾಡಿದರು. ತಾರಸಿಯ ಪೈಪನ್ನು ತಂದು ಮರದ ಬುಡಕ್ಕೆ ಬಿಟ್ಟರು, ಬಟ್ಟೆ ಒಗೆಯೋ ಕಲ್ಲಿನ ನೀರೂ ಅಲ್ಲಿಗೇ. ಹಲಸಿಗೆ ಬುಡದಲ್ಲಿ ನೀರು ನಿಂತರೆ ಆಗಿಬರೋದಿಲ್ಲ, ಬೇರು ಕೊಳೆಯುತ್ತೆ. ಊರ ಕಡೆ ತೋಟ ನೋಡಿದವರಿಗೆಲ್ಲ ಇದು ಗೊತ್ತಿರೋ ವಿಷಯ. ಕಳೆದ ವರ್ಷದಿಂದಲೇ ಮರ ನಮ್ಮ ಕಡೆ ವಾಲೋಕೆ ಶುರುವಾಗಿತ್ತು. ಬುಡದ ಮಣ್ಣು ಬಿರುಕು ಬಿಟ್ಟಿತ್ತು.

ನಾನು ಹೇಳಿದ್ದೆ. ಒಂದಲ್ಲ, ಸುಮಾರು ಸಲ ಹೇಳಿದ್ದೆ. "ಸರ್, ಮರ ವಾಲಿದೆ, ಪೂರ್ತಿ ಬೇಡ, ನಮ್ಮ ಕಡೆಯ ಕೊಂಬೆಯಾದರೂ ಇಳಿಸಿ" ಅಂದರೆ, "ನೋಡಮ್ಮ, ನಾನು ಹುಟ್ಟೋಕೆ ಮುಂಚಿನ ಮರ ಅದು, ನೀವು ಇಲ್ಲಿಗೆ ಬಂದು ಎಷ್ಟು ವರ್ಷ ಆಯ್ತು?" ಅಂದರು. ಇನ್ನೊಂದು ಸಲ, "ಕಡಿಸೋಕೆ ಪರ್ಮಿಷನ್ ಸಿಗಲ್ಲಮ್ಮ, ಕೇಸ್ ಆಗುತ್ತೆ" ಅಂದರು. ಇದು ಸುಳ್ಳು ಅಂತ ಆಮೇಲೆ ಗೊತ್ತಾಯ್ತು. ಅದನ್ನು ಮುಂದೆ ಹೇಳ್ತೀನಿ.

ಜೂನ್‌ನಲ್ಲಿ ಒಂದು ರಾತ್ರಿ ಗಾಳಿ ಮಳೆಗೆ ಬುಡಸಮೇತ ಬಂತು. ನಮ್ಮ ಕಾಂಪೌಂಡ್ ಗೋಡೆ ಹತ್ತು ಹನ್ನೆರಡು ಅಡಿ ಹೋಯ್ತು. ಹಿತ್ತಲ ಬಚ್ಚಲುಮನೆಯ ಶೀಟು ಪುಡಿ. ಕರೆಂಟ್ ಸರ್ವೀಸ್ ವೈರು ಕಿತ್ತು ಅಂಗಳದಲ್ಲಿ ಬಿದ್ದಿತ್ತು. ಕರೆಂಟ್ ದೂರಿನ ನಂಬರ್ 1912ಕ್ಕೆ ಫೋನ್ ಮಾಡಿ, ಮಕ್ಕಳನ್ನು ಒಳಗೇ ಕೂರಿಸಿ, ಬೆಳಗಾಗೋದನ್ನೇ ಕಾಯ್ದೆ. ನಮ್ಮ ಯಜಮಾನರ ಕೆಲಸ ಹುಬ್ಬಳ್ಳಿಯಲ್ಲಿ. ಮನೇಲಿ ನಾನು, ಮಕ್ಕಳು, ಅತ್ತೆ ಅಷ್ಟೇ. ಇದು ಪಕ್ಕದ ಮನೆಯವರಿಗೂ ಗೊತ್ತು.

ಬೆಳಗ್ಗೆ ಛತ್ರಿ ಹಿಡಿದುಕೊಂಡು ಬಂದರು. ಎಷ್ಟು ನಯವಾದ ಮಾತು ಅಂತೀರಿ! "ಜೀವಕ್ಕೇನೂ ಆಗ್ಲಿಲ್ವಲ್ಲ, ಅದೇ ದೊಡ್ಡದು. ನೀನೇನೂ ಯೋಚನೆ ಮಾಡ್ಬೇಡಮ್ಮ, ನನ್ನ ಕಡೆಯ ಹುಡುಗರಿದ್ದಾರೆ, ಇವತ್ತೇ ಕತ್ತರಿಸಿ ಎತ್ತಿಸ್ತೀನಿ. ಒಂಬತ್ತು ಸಾವಿರ ಕೇಳ್ತಿದ್ದಾರೆ. ಅರ್ಧ ಅರ್ಧ ಹಾಕ್ಕೊಳ್ಳೋಣ. ಅಕ್ಕಪಕ್ಕದವರು ಅಂದ್ಮೇಲೆ ಹೊಂದ್ಕೊಂಡು ಹೋಗ್ಬೇಕು, ಅಲ್ವಾ?" ಅತ್ತೆಯೂ ಹೂಂ ಅಂದರು. 4,500 ರೂಪಾಯಿ ಅಲ್ಲೇ ಫೋನ್‌ಪೇ ಮಾಡಿದೆ.

ಮಧ್ಯಾಹ್ನ ಮೆಷಿನ್ ಗರಗಸ ಹಿಡಿದು ನಾಲ್ಕು ಜನ ಬಂದರು. ಬೊಡ್ಡೆ ಬಿದ್ದಿದ್ದು ನಮ್ಮ ಅಂಗಳದಲ್ಲಿ, ಹಾಗಾಗಿ ನಮ್ಮ ಗೇಟಿಂದಲೇ ಓಡಾಟ. ಪಕ್ಕದ ಮನೆಯವರು ಟೇಪು ಹಿಡಿದು ಅಲ್ಲೇ ನಿಂತಿದ್ದರು. ಬೊಡ್ಡೆಯ ಸುತ್ತಳತೆ ನೋಡೋದು, ಉದ್ದ ಹಿಡಿಯೋದು, ಕತ್ತಿಯಿಂದ ತೊಗಟೆ ಮೇಲೆ ಗೀಟು ಹಾಕೋದು. ಏಳಡಿ, ಮತ್ತೆ ಏಳಡಿ. ಬಾಗಿಲ ದಾರಂದಕ್ಕೆ ಬರೋ ಅಳತೆ. ಗರಗಸ ಇಟ್ಟ ಕಡೆಯೆಲ್ಲ ಅರಿಶಿನದಂಥ ಪುಡಿ ಹಾರ್ತಿತ್ತು. ಒಳಗೆ ಪೂರ್ತಿ ಚೇಗು, ಅಂದರೆ ಗಟ್ಟಿ ತಿರುಳು. ಹಳೇ ಹಲಸಿನ ನಾಟ ಅಂದರೆ ಏನು ಬೆಲೆ ಅಂತ ಮನೆ ಕಟ್ಟಿಸಿದವರಿಗೆ ಹೇಳಬೇಕಾಗಿಲ್ಲ. ದಿಮ್ಮಿಗಳನ್ನು ಉರುಳಿಸಿಕೊಂಡು ಹೋಗಿ ಗೂಡ್ಸ್ ಗಾಡಿಗೆ ಏರಿಸಿದರು. ಗಾಡಿ ಹೊರಟಿತು. ಕೊಂಬೆ, ಸೊಪ್ಪು, ಒಡೆದು ಬಿದ್ದ ಹಲಸಿನಕಾಯಿ, ಗೋಡೆಯ ಕಲ್ಲು ಎಲ್ಲಾ ಅಲ್ಲೇ. ನಾಳೆ ಬಂದು ಎತ್ತುತ್ತಾರೆ ಅಂದುಕೊಂಡೆ. ಯಾರೇ ಆಗಲಿ ಹಾಗೇ ಅಂದುಕೊಳ್ತಾರೆ.

ಅವರಲ್ಲಿ ಒಬ್ಬ ಹುಡುಗ ಕತ್ತಿ ಮರೆತಿದ್ದ ಅಂತ ವಾಪಸ್ ಬಂದ. ಕೈಯೆಲ್ಲ ಹಲಸಿನ ಮೇಣ. ಪಾಪ ಅಂತ ಕೊಬ್ಬರಿ ಎಣ್ಣೆ ಕೊಟ್ಟು, ಚಾ ಕೊಟ್ಟು, "ಕೂಲಿ ಸರಿಯಾಗಿ ಸಿಕ್ತಾ? ನಮ್ಮ ಪಾಲಿಂದು ಬೆಳಗ್ಗೆನೇ ಕೊಟ್ಟಿದ್ದೀನಿ" ಅಂದೆ. ಅವನು ಎಣ್ಣೆ ತಿಕ್ಕೋದು ನಿಲ್ಲಿಸಿ ನನ್ನ ಮುಖ ನೋಡಿದ. "ಕೂಲಿನಾ ಅಕ್ಕ? ದಿಮ್ಮಿ ತಗೊಂಡ ಸಾಮಿಲ್‌ನೋರೇ ನಮ್ಮನ್ನ ಕರ್ಕೊಂಡು ಬಂದಿದ್ದು. ಕೂಲಿ, ಗಾಡಿ ಬಾಡಿಗೆ ಎಲ್ಲಾ ಅವರದ್ದೇ. ಮೇಲೆ ಆ ಸರ್‌ಗೆ ದುಡ್ಡೂ ಕೊಟ್ರಲ್ಲ. ನಿಮ್ಮ ಹತ್ರ ಯಾಕೆ ಇಸ್ಕೊಂಡ್ರು?"

ನಿಮ್ಮ ಹತ್ರ ಯಾಕೆ ಇಸ್ಕೊಂಡ್ರು! ನನಗೆ ಉತ್ತರ ಬರಲಿಲ್ಲ. ಮುಖಕ್ಕೆ ಬಿಸಿ ಹತ್ತಿದ ಹಾಗಾಯ್ತು. ಆ ಹುಡುಗನ ಎದುರು ನಿಂತುಕೊಳ್ಳೋಕೆ ನಾಚಿಕೆ. ನಮ್ಮ ಗೋಡೆ ಮುರಿದಿದ್ದು ಅವರ ಮರ, ನಮ್ಮ ಅಂಗಳದಿಂದಲೇ ಸಾಗಿಸಿ ಮಾರಿಕೊಂಡರು, ಪೂರ್ತಿ ದುಡ್ಡು ಜೇಬಿಗೆ ಹಾಕಿಕೊಂಡರು, ಆದರೂ ನನ್ನಿಂದ 4,500. ಇಷ್ಟಾದರೂ ನಾನು "ಥ್ಯಾಂಕ್ಸ್ ಸರ್" ಅಂತ ಹೇಳಿ ಕಳಿಸಿದ್ದೆ. ಇವತ್ತಿಗೂ ಅದನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಆಗಲೇ ಹೋಗಿ ಕೇಳಿದೆ. ಅವರು ಕೊಟ್ಟ ಉತ್ತರಗಳನ್ನು ಹಾಗೇ ಬರೀತೀನಿ, ನೀವೇ ಓದಿ.

"ದಿಮ್ಮಿ ಮಾರಿದ್ರಂತಲ್ಲ ಸರ್?" ಅಂದರೆ, "ಮರ ನಮ್ದು, ದಿಮ್ಮಿ ಇನ್ಯಾರದ್ದಮ್ಮ?"

"ಹಾಗಾದ್ರೆ ಆ ಕೊಂಬೆ, ಸೊಪ್ಪು?" ಅಂದರೆ, "ಅದು ನಿಮ್ಮ ಜಾಗದಲ್ಲಿ ಬಿದ್ದಿದೆ. ನಿಮ್ಮ ಜಾಗದ ಕಸ ನಾನು ಗುಡಿಸೋಕಾಗುತ್ತಾ?"

"ಗೋಡೆ?" "ಗಾಳಿ ಬೀಳಿಸಿದ್ದು. ನಾನೇನು ಬಂದು ತಳ್ಳಿದ್ನಾ? ಅದೂ ಅಲ್ದೆ ಹಳೇ ಗೋಡೆ, ಇವತ್ತಲ್ಲ ನಾಳೆ ಬೀಳ್ತಿತ್ತು."

"ನನ್ನ 4,500?" "ಅದು ಮೆಷಿನ್ ಬಾಡಿಗೆ." ಮಾರನೇ ದಿನ ಕೇಳಿದರೆ ಅದು ಪೆಟ್ರೋಲ್ ಖರ್ಚು. ಅದಾದ ಮೇಲೆ, "ಯಾವ ದುಡ್ಡು?"

ನೋಡಿ, ಮರ ಅವರದ್ದೇ. ಅದನ್ನು ನಾನು ಇಲ್ಲ ಅಂದಿಲ್ಲ. ಆದರೆ ಮಾರೋ ಭಾಗ ಮಾತ್ರ ಅವರದ್ದು, ಕೊಳೆಯೋ ಭಾಗ ನಮ್ಮದು ಅನ್ನೋದು ಯಾವ ನ್ಯಾಯ? ಮರ ನಿಮ್ಮದಾದರೆ ಬುಡದಿಂದ ತುದಿ ಎಲೆ ತನಕ ನಿಮ್ಮದೇ ಆಗಬೇಕಲ್ವಾ?

ಇಷ್ಟಕ್ಕೇ ಮುಗಿದಿದ್ದರೆ ಬಹುಶಃ ಬರೀತಾ ಇರಲಿಲ್ಲ. ಒಂದು ಭಾನುವಾರ ನಾವು ತೀರ್ಥಹಳ್ಳಿಗೆ ಮದುವೆಗೆ ಹೋಗಿದ್ದೆವು. ಸಂಜೆ ಬಂದು ನೋಡಿದರೆ ಅಂಗಳದ ರಾಶಿ ದೊಡ್ಡದಾಗಿದೆ. ಅವರ ಕಡೆ ಬಿದ್ದಿದ್ದ ಕೊಂಬೆಗಳು, ಕಿತ್ತು ಬಂದ ಬೇರು, ಬುಡದ ಮಣ್ಣು, ಎಲ್ಲಾ ಗೋಡೆ ಬಿದ್ದ ಸಂದಿಯಿಂದ ನಮ್ಮ ಕಡೆಗೆ ತಳ್ಳಿದ್ದಾರೆ! ಅವರ ಹಿತ್ತಲು ಗುಡಿಸಿ ಸಾರಿಸಿದ ಹಾಗೆ ಸ್ವಚ್ಛ. ಅವರ ಹೆಂಡತಿಯನ್ನು ಕೇಳಿದರೆ, "ಹೇಗೂ ನೀವು ಎತ್ತಿಸ್ತೀರಲ್ಲ, ಒಂದೇ ಸಲಕ್ಕೆ ಎಲ್ಲಾ ಹೋಗ್ಲಿ ಅಂತ" ಅಂದರು. ಹೇಗೂ ಎತ್ತಿಸ್ತೀರಲ್ಲ! ಯಾವ ಬಾಯಲ್ಲಿ ಹೇಳಿದರೋ.

ಅಷ್ಟು ಹೊತ್ತಿಗೆ ಹಲಸಿನಕಾಯಿ ಕೊಳೆತು ನೊಣ ಮುತ್ತಿ, ಹಿತ್ತಲ ಬಾಗಿಲು ತೆಗೆಯೋ ಹಾಗಿರಲಿಲ್ಲ. ಸೊಪ್ಪು ಚರಂಡಿಗೆ ಕಟ್ಟಿಕೊಂಡು ನೀರು ನಿಂತಿತ್ತು. ಡೆಂಗಿ ಜಾಸ್ತಿ ಇರೋ ತಿಂಗಳು, ಮನೇಲಿ ಸಣ್ಣ ಮಕ್ಕಳು. ಕಸದ ಗಾಡಿಯವರು ದಿನದ ಕಸ ಬಿಟ್ಟರೆ ಮರದ ಕೊಂಬೆ ತಗೊಳೋದಿಲ್ಲ. ಅದು ಅವರ ತಪ್ಪೂ ಅಲ್ಲ. ಸುಡೋಣ ಅಂದರೆ ಹಸಿ, ಸುಡಲೂಬಾರದು. ಕೊನೆಗೆ ಬೇರೆ ಟ್ರ್ಯಾಕ್ಟರ್ ಕರೆಸಿ ಅರ್ಧ ಸಾಗಿಸಿದ್ದೀನಿ. ಅದಕ್ಕೂ ನಮ್ಮದೇ ದುಡ್ಡು. ಇನ್ನರ್ಧ ಇನ್ನೂ ಇದೆ.

ಬೀದಿಯಲ್ಲಿ ಅವರು ಹೇಳಿಕೊಂಡು ತಿರುಗ್ತಿರೋದು ಬೇರೇನೇ. "ಒಂದು ಮರಕ್ಕೋಸ್ಕರ ಹೆಂಗಸು ಬೀದಿ ಜಗಳಕ್ಕೆ ನಿಂತಿದ್ದಾಳೆ" ಅಂತ. ಹಾಲಿನ ಅಂಗಡಿಯಲ್ಲಿ ಜನ ನನ್ನನ್ನು ನೋಡಿ ಮಾತು ನಿಲ್ಲಿಸ್ತಾರೆ. ಮೋಸ ಮಾಡಿದವರು ತಲೆ ಎತ್ತಿ ಓಡಾಡಬೇಕು, ನಾವು ತಲೆ ತಗ್ಗಿಸಬೇಕಾ?

ವಕೀಲರೊಬ್ಬರನ್ನು ಕೇಳಿದೆ. ಅವರು ಹೇಳಿದ್ದನ್ನು ಕೇಳಿ ಇನ್ನೂ ಸಿಟ್ಟು ಬಂತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಹಲಸು ಕಡಿಯೋಕೆ ವೃಕ್ಷ ಅಧಿಕಾರಿಯ ಅನುಮತಿ ಬೇಕು, ಅದು ನಿಜ. ತೆಂಗು, ನೀಲಗಿರಿ, ಸಿಲ್ವರ್ ಓಕ್ ಥರದ ಕೆಲವು ಮರಗಳಿಗೆ ಮಾತ್ರ ವಿನಾಯಿತಿ. ಆದರೆ ಜೀವಕ್ಕೆ ಆಸ್ತಿಗೆ ಅಪಾಯ ಇರೋ ಮರಕ್ಕೆ ಅನುಮತಿ ಇಲ್ಲ ಅನ್ನೋ ಹಾಗಿಲ್ಲ, ಅದೂ ಅದೇ ಕಾಯ್ದೆಯಲ್ಲಿ ಇದೆ. ಅಂದರೆ "ಪರ್ಮಿಷನ್ ಸಿಗಲ್ಲಮ್ಮ" ಅಂದಿದ್ದು ಬರೀ ನೆಪ. ಬೀಳೋ ಹಾಗಿರೋ ಮರ ತೆಗೆಸಿ ಅಂತ ಉಪವಿಭಾಗಾಧಿಕಾರಿಗೂ ಅರ್ಜಿ ಕೊಡಬಹುದಂತೆ. ಮೊದಲು ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ) 133ನೇ ಸೆಕ್ಷನ್ ಅಂತಿದ್ದರಲ್ಲ, 2024ರ ಜುಲೈನಿಂದ ಅದು ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 152ನೇ ಸೆಕ್ಷನ್. ಇನ್ನು ಗೋಡೆ ವಿಷಯ: ಮರ ಅಪಾಯದಲ್ಲಿದೆ ಅಂತ ಗೊತ್ತಿದ್ದೂ ಸುಮ್ನಿದ್ದರೆ, "ಗಾಳಿ ಬೀಳಿಸಿತು" ಅಂತ ಕೈ ತೊಳೆದುಕೊಳ್ಳೋಕೆ ಬರೋದಿಲ್ಲ. ಗೊತ್ತಿತ್ತು ಅಂತ ತೋರಿಸೋಕೆ ನಮ್ಮ ಹತ್ತಿರ ಕಾಗದ ಇರಬೇಕು, ಅಷ್ಟೇ.

ಅದಕ್ಕೇ ಹೇಳ್ತಿರೋದು. ಮರ ವಾಲಿದ್ದರೆ ಬಾಯಲ್ಲಿ ಹೇಳಬೇಡಿ, ಫೋಟೋ ಸಮೇತ ವಾಟ್ಸಾಪ್ ಮಾಡಿ, ಆಗದಿದ್ದರೆ ಸ್ಪೀಡ್ ಪೋಸ್ಟ್ ಹಾಕಿ. ಬಿದ್ದ ಮೇಲೆ ಒಂದು ಕೊಂಬೆ ಮುಟ್ಟೋ ಮುಂಚೆ ವಿಡಿಯೋ ಮಾಡಿ. "ನನ್ನ ಕಡೆಯ ಹುಡುಗರು" ಅಂದರೆ ಆ ಹುಡುಗರ ಹತ್ತಿರವೇ ರೇಟು ಕೇಳಿ, ದುಡ್ಡೂ ಅವರ ಕೈಗೇ ಕೊಡಿ. ಮುಖ್ಯವಾಗಿ ದಿಮ್ಮಿ. ದಿಮ್ಮಿ ನಿಮ್ಮ ಅಂಗಳದಲ್ಲಿ ಇರೋ ತನಕ ಮಾತ್ರ ಅವರಿಗೆ ನಿಮ್ಮ ಹತ್ತಿರ ಕೆಲಸ. ಅದು ಗೇಟು ದಾಟಿದ ಮೇಲೆ ನೀವು ಯಾರೋ, ಅವರು ಯಾರೋ. ಸೊಪ್ಪು ಯಾರು ಎತ್ತಬೇಕು, ಗೋಡೆ ಯಾರು ಕಟ್ಟಿಸಬೇಕು, ಅದು ಬರವಣಿಗೆಯಲ್ಲಿ ಬಂದ ಮೇಲೇ ಗೇಟು ತೆಗೀರಿ. ಬಿಳಿ ಹಾಳೆ ಮೇಲೆ ನಾಲ್ಕು ಸಾಲು, ಇಬ್ಬರ ಸಹಿ, ಸಾಕು. ಹೊಂದ್ಕೊಂಡು ಹೋಗೋಣ ಅಂದವರು ಸಹಿ ಹಾಕೋಕೆ ಯಾಕೆ ಹಿಂದೆ ಮುಂದೆ ನೋಡಬೇಕು?

ವಕೀಲರ ನೋಟಿಸ್ ಹೋಗಿದೆ. ಗೋಡೆ, ಶೀಟು, ಟ್ರ್ಯಾಕ್ಟರ್ ಬಾಡಿಗೆ, ನನ್ನ 4,500, ಎಲ್ಲಾ ಸೇರಿಸಿ ಕೇಳಿದ್ದೀವಿ. ಫೋನ್‌ಪೇ ಮಾಡಿದ ಲೆಕ್ಕವೂ ಜೊತೆಗಿದೆ, ಇನ್ನು "ಯಾವ ದುಡ್ಡು" ಅನ್ನೋಕಾಗಲ್ಲ. ನೋಟಿಸ್ ತಲುಪಿದ ದಿನ ಫೋನ್ ಮಾಡಿ, "ಏನಮ್ಮ, ಮನೆಮನೆ ವಿಷಯಕ್ಕೆ ವಕೀಲರಾ?" ಅಂದರು. ಹೌದು ಸರ್, ವಕೀಲರೇ ಅಂತ ಹೇಳಿ ಇಟ್ಟೆ.