ಮನೆ ನೋಡಿಕೊಳ್ಳಲು ಒಪ್ಪುವ ಮುನ್ನ: ಸಿಗರೇಟಿನ ಹೊಗೆ ಕುಡಿದ ಮನೆಯಲ್ಲಿ ನಾವು ಕಳೆದ ಏಳು ವಾರ

ಮಕ್ಕಳನ್ನು ನೋಡಲೆಂದು ಆರು ತಿಂಗಳ ಮಟ್ಟಿಗೆ ಅಮೆರಿಕಕ್ಕೋ ಆಸ್ಟ್ರೇಲಿಯಕ್ಕೋ ಹೊರಡುವವರು ತಮ್ಮ ಮನೆ, ನಾಯಿ, ಹೂಗಿಡಗಳನ್ನು ನಂಬಿಕಸ್ಥರಿಗೆ ಒಪ್ಪಿಸಿ ಹೋಗುವುದು ಹಾಸನ, ಚಿಕ್ಕಮಗಳೂರಿನ ಕಡೆ ಈಗ ಹೊಸ ಸಂಗತಿಯಲ್ಲ. ನಾನೂ ನಮ್ಮ ಯಜಮಾನರೂ ನಿವೃತ್ತರಾದ ಮೇಲೆ ಹೀಗೆ ನಾಲ್ಕು ಮನೆಗಳಲ್ಲಿ ಉಳಿದು ನೋಡಿಕೊಂಡಿದ್ದೇವೆ ಮತ್ತು ಅವುಗಳಲ್ಲಿ ಮೂರು ಮನೆಯವರು ಇಂದಿಗೂ ಹಬ್ಬಕ್ಕೆ ಫೋನು ಮಾಡುವಷ್ಟು ಹತ್ತಿರದವರಾಗಿದ್ದಾರೆ. ಚಿಕ್ಕಮಗಳೂರಿನ ಸಮೀಪದ ತೋಟದ ಮನೆಯೊಂದರಲ್ಲಿ, ಕಳೆದ ಮಳೆಗಾಲದಲ್ಲಿ, ನಮಗಾದ ಅನುಭವವನ್ನು ಮಾತ್ರ ಇನ್ನೊಬ್ಬರು ಅನುಭವಿಸಬಾರದು ಎಂಬ ಕಾರಣಕ್ಕೆ ಇದನ್ನು ಬರೆಯುತ್ತಿದ್ದೇನೆ. ಮನೆಯವರ ಹೆಸರಾಗಲಿ ಊರಿನ ಹೆಸರಾಗಲಿ ಇಲ್ಲಿ ಬೇಕಿಲ್ಲ. ಅವರು ಕೆಟ್ಟವರೆಂದು ಹೇಳುವುದೂ ನನ್ನ ಉದ್ದೇಶವಲ್ಲ.

ನಮ್ಮ ಯಜಮಾನರಿಗೆ ಚಿಕ್ಕಂದಿನಿಂದಲೂ ಉಬ್ಬಸವಿದೆ. ದಿನಕ್ಕೆರಡು ಬಾರಿ ಇನ್‌ಹೇಲರ್ ತೆಗೆದುಕೊಂಡರೆ ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪಾಠ ಮಾಡಿದಷ್ಟು ಚೆನ್ನಾಗಿಯೇ ಇರುತ್ತಾರೆ. ಆದ್ದರಿಂದ ಮಾತುಕತೆಯ ಮೊದಲ ದಿನವೇ ಮನೆಯ ಯಜಮಾನರನ್ನು ನಾನು ನೇರವಾಗಿ ಕೇಳಿದ್ದೆ. ಅವರು, "ಮೇಡಂ, ಮನೆಯೊಳಗೆ ಯಾರೂ ಸಿಗರೇಟು ಸೇದುವುದಿಲ್ಲ, ನಾನು ಸೇದಿದರೂ ಹೊರಗೆ ಜಗಲಿಯಲ್ಲಿ" ಎಂದರು. ಆ ಮಾತನ್ನು ನಂಬಿ ಏಪ್ರಿಲ್ ತಿಂಗಳಿನಲ್ಲಿ ಬೇಲೂರಿನ ಮೇಲೆ ಬಸ್ಸಿನಲ್ಲಿ ಹೋಗಿ ಮನೆಯನ್ನು ನೋಡಿಕೊಂಡು ಬಂದೆವು. ಕಾಫಿ ಗಿಡಗಳನ್ನು ಅರಳಿಸುವ ಹೂಮಳೆ ಬಿದ್ದು ಕೆಲವೇ ದಿನಗಳಾಗಿದ್ದವು. ಎಲ್ಲ ಕಿಟಕಿಗಳೂ ತೆರೆದಿದ್ದವು, ತೋಟದ ಕಡೆಯಿಂದ ಗಾಳಿ ಬೀಸುತ್ತಿತ್ತು, ದೇವರ ಮನೆಯಲ್ಲಿ ಊದುಬತ್ತಿ ಉರಿಯುತ್ತಿತ್ತು, ಒಳಗಿನಿಂದ ಬಿಸಿ ಕಾಫಿ ಬಂತು. ಗೋಡೆಗಳಿಗೆ ಹಿಂದಿನ ವರ್ಷ ಮಗಳ ಮದುವೆಗೆಂದು ಬಳಿಸಿದ ಹೊಸ ಬಣ್ಣವಿತ್ತು. ಅನುಮಾನ ಪಡಲು ಒಂದು ಕಾರಣವೂ ಕಾಣಲಿಲ್ಲ. ನಾವು ಒಪ್ಪಿಕೊಂಡೆವು, ಹಾಸನದ ನಮ್ಮ ಮನೆಯನ್ನು ಆ ಆರು ತಿಂಗಳಿಗೆಂದು ನನ್ನ ತಂಗಿಯ ಮಗನ ಸಂಸಾರಕ್ಕೆ ಬಿಟ್ಟುಕೊಟ್ಟೆವು.

ಜೂನ್ ಮೊದಲ ವಾರ ಮನೆಯವರು ಹೊರಟರು, ಮಳೆ ಹಿಡಿಯಿತು. ಮಲೆನಾಡಿನ ಜಡಿಮಳೆಯಲ್ಲಿ ಕಿಟಕಿ ತೆರೆದಿಡಲಾಗುವುದಿಲ್ಲ, ತೆರೆದರೆ ಹಾಸಿಗೆಯವರೆಗೂ ಎರಚಲು. ಮುಚ್ಚಿದ ಎರಡನೆಯ ದಿನದಿಂದಲೇ ಒಂದು ಕಮಟು ವಾಸನೆ ಏಳತೊಡಗಿತು. ಮಳೆಗಾಲದ ಮುಗ್ಗಲು ವಾಸನೆ ನಮಗೆ ಹೊಸದಲ್ಲ, ಆದರೆ ಇದು ಅದಲ್ಲ; ಮುಗ್ಗಲಿನ ಅಡಿಯಲ್ಲಿ ಹಳೆಯ ಬೂದಿಯ ಘಾಟು ಇತ್ತು. ಬೀರುವಿನ ಬಾಗಿಲು ತೆರೆದರೆ ಬರುತ್ತಿತ್ತು, ದಿಂಬಿಗೆ ಮುಖ ಒತ್ತಿದರೆ ಬರುತ್ತಿತ್ತು, ಮಹಡಿಯ ಆಫೀಸು ಕೋಣೆಯ ಬಾಗಿಲು ತೆಗೆದರಂತೂ ಕಣ್ಣು ಉರಿಯುತ್ತಿತ್ತು. ಮೂರು ವರ್ಷದ ಲ್ಯಾಬ್ರಡಾರ್ ನಾಯಿಯ ಕಿವಿಯ ಹಿಂದಿನ ರೋಮಕ್ಕೂ ಅದೇ ವಾಸನೆ ಹತ್ತಿತ್ತು.

ಆರಿದ್ರಾ ಮಳೆ ಹಿಡಿದ ನಾಲ್ಕನೆಯ ದಿನ ಬೆಳಿಗ್ಗೆ ನಾನು ಕಂಡದ್ದನ್ನು ಇದ್ದಂತೆಯೇ ಹೇಳುತ್ತೇನೆ. ಸ್ನಾನಕ್ಕೆ ನೀರು ಕಾಯಿಸಿದ್ದರಿಂದ ಆಫೀಸು ಕೋಣೆಗೆ ಹೊಂದಿಕೊಂಡ ಬಚ್ಚಲಮನೆಯಲ್ಲಿ ಆವಿ ತುಂಬಿತ್ತು. ಗೋಡೆ ಬೆವರಿತ್ತು. ಆ ಬೆವರು ಬಿಳಿಯ ಗೋಡೆಯ ಮೇಲೆ ತಿಳಿ ಡಿಕಾಕ್ಷನ್‌ನ ಬಣ್ಣದ ಹನಿಗಳಾಗಿ ನಿಂತು, ಒಂದೊಂದಾಗಿ ಜಾರಿ, ಕೆಳಗಿನ ಟೈಲ್ಸಿನವರೆಗೆ ಗೆರೆ ಎಳೆದಿತ್ತು. ಒಂದು ಹನಿಯನ್ನು ಬೆರಳ ತುದಿಯಿಂದ ಒರೆಸಿದೆ. ಬೆಲ್ಲದ ಪಾಕದಂತೆ ಅಂಟಿತು, ಸೋಪಿನಿಂದ ಎರಡು ಸಲ ತೊಳೆದರೂ ಬೆರಳಿನಿಂದ ಘಾಟು ಹೋಗಲಿಲ್ಲ. ಹೊಸ ಬಣ್ಣದ ಅಡಿಯಲ್ಲಿ ವರ್ಷಗಟ್ಟಲೆ ಕುಳಿತಿದ್ದ ಜಿಡ್ಡು ಬಣ್ಣವನ್ನು ಹಾದು ಹೊರಗೆ ಬರುತ್ತಿತ್ತು. ವಾಸನೆಯನ್ನು ತಡೆದು ಹಿಡಿಯುವ ಪ್ರೈಮರ್ ಬಳಿಯದೆ ನೇರವಾಗಿ ಬಣ್ಣ ಹೊಡೆಸಿದರೆ ಹೀಗೇ ಆಗುತ್ತದೆ ಎಂದು ಆಮೇಲೆ ಹಾಸನದ ಪೇಂಟರ್ ಒಬ್ಬರು ವಿವರಿಸಿದರು.

ಅಷ್ಟು ಹೊತ್ತಿಗೆ ನಮ್ಮವರ ಕೆಮ್ಮು ರಾತ್ರಿಗಳನ್ನು ತಿನ್ನಲಾರಂಭಿಸಿತ್ತು. ಇಲ್ಲಿ ನಾನು ಮಾಡಿದ ದೊಡ್ಡ ತಪ್ಪನ್ನು ಮುಚ್ಚಿಡುವುದಿಲ್ಲ. ವಾಸನೆಯನ್ನು ಓಡಿಸಲು ಸಂಜೆ ಸಂಜೆ ಸಾಂಬ್ರಾಣಿ ಹಾಕಿದೆ, ಕೋಣೆಗೊಂದು ಊದುಬತ್ತಿ ಹಚ್ಚಿದೆ, ಪೇಟೆಯಿಂದ ರೂಮ್ ಫ್ರೆಶ್‌ನರ್ ತಂದು ಹೊಡೆದೆ. ಮುಚ್ಚಿದ ಮನೆಯಲ್ಲಿ ಒಂದು ಹೊಗೆಯನ್ನು ಇನ್ನೊಂದು ಹೊಗೆಯಿಂದ ಹೊಡೆಯುವುದೆಂದರೆ ಉಬ್ಬಸದವರ ಎದೆಯ ಮೇಲೆ ಎರಡನೆಯ ಕಲ್ಲು ಇಟ್ಟಂತೆಯೇ ಸರಿ. ಜುಲೈ ಆರಂಭದ ಒಂದು ರಾತ್ರಿ ಎರಡು ಗಂಟೆಗೆ ಅವರು ಹಾಸಿಗೆಯಿಂದ ಎದ್ದು ಕುಳಿತು, ಎರಡೂ ಕೈಗಳನ್ನು ಮಂಚದ ಅಂಚಿಗೆ ಊರಿ, ಮಾತನಾಡಲಾಗದೆ ಕಿಟಕಿಯ ಕಡೆಗೆ ಕೈ ತೋರಿಸಿದರು. ತೋಟದ ಕೆಲಸಗಾರರ ಲೈನ್‌ಮನೆಯ ಹುಡುಗನೊಬ್ಬ ಜೀಪು ತೆಗೆದುದರಿಂದ ಆಸ್ಪತ್ರೆ ಸೇರಿದೆವು. ನೆಬುಲೈಸರ್ ಇಟ್ಟು, ಬೆಳಗಾಗುವವರೆಗೂ ಆಮ್ಲಜನಕ ಕೊಟ್ಟರು. ಮನೆಯ ವಿಷಯ ಕೇಳಿದ ವೈದ್ಯರು ಮೊದಲು ಊದುಬತ್ತಿ, ಸಾಂಬ್ರಾಣಿ ನಿಲ್ಲಿಸಿ ಎಂದರು. ಎರಡನೆಯದಾಗಿ ಆ ಮನೆಯನ್ನು ಬಿಡಿ ಎಂದರು.

ಬಿಡುವುದು ಹೇಗೆ? ಬೇರೆಯವರ ಮನೆಯನ್ನು ನೋಡಿಕೊಳ್ಳುವವರ ಸಂಕಟ ಇರುವುದೇ ಇಲ್ಲಿ. ಹೋಟೆಲಿನಲ್ಲಿ ವಾಸನೆ ಬಂದರೆ ಕೋಣೆ ಬದಲಿಸಿಕೊಡಿ ಎನ್ನಬಹುದು, ಬಾಡಿಗೆ ಮನೆಯಾದರೆ ಅಡ್ವಾನ್ಸು ವಾಪಸು ಕೇಳಿ ಖಾಲಿ ಮಾಡಬಹುದು. ಆದರೆ ನಮ್ಮ ಕೈಗೆ ಬೀಗದ ಗೊಂಚಲನ್ನೂ ಮೂಕಪ್ರಾಣಿಯನ್ನೂ ಕೊಟ್ಟು ವಿಮಾನ ಹತ್ತಿದವರ ಮನೆಯನ್ನು ಒಂದು ದಿನವೂ ಹಾಗೇ ಬಿಟ್ಟು ಬರಲಾಗುವುದಿಲ್ಲ. ಫೋನು ಮಾಡಿದಾಗ ಆ ಮನೆಯ ಯಜಮಾನರು ಬೇಸರಗೊಂಡರು. ಅದು ಮಳೆಗಾಲದ ಥಂಡಿ ವಾಸನೆ, ನಿಮಗೆ ಹಾಗೆ ಅನ್ನಿಸುತ್ತಿದೆ ಎಂದರು. ಅವರ ಪತ್ನಿ ಮರುದಿನ ತಾವೇ ಫೋನು ಮಾಡಿ, "ಅಕ್ಕಾ, ಮಳೆ ಬಂದರೆ ಜಗಲಿಯಲ್ಲಿ ಕೂರೋಕ್ಕಾಗಲ್ಲ ಅಂತ ಅವರು ಆಫೀಸು ರೂಮಲ್ಲೇ ಸೇದೋದು, ಎಕ್ಸಾಸ್ಟ್ ಫ್ಯಾನ್ ಹಾಕ್ಕೊಂಡು. ಇಪ್ಪತ್ತು ವರ್ಷದಿಂದ ಹಾಗೇ. ನಮಗೆ ವಾಸನೆ ಗೊತ್ತೇ ಆಗಲ್ಲ, ಅದಕ್ಕೇ ಹೇಳೋದು ಹೊಳೀಲಿಲ್ಲ" ಎಂದರು. ಅವರ ಮಾತನ್ನು ನಾನು ಪೂರ್ತಿ ನಂಬುತ್ತೇನೆ. ಹೊಗೆಯ ಜೊತೆಯಲ್ಲೇ ಬದುಕುವವರ ಮೂಗಿಗೆ ಅದು ತಿಳಿಯದು. ಆದ್ದರಿಂದಲೇ ಅವರ ಉತ್ತರ ಪ್ರಾಮಾಣಿಕವಾಗಿದ್ದರೂ ನಮ್ಮ ಪಾಲಿಗೆ ಅದು ಸಾಲದು. ಮನೆ ಒಪ್ಪಿಕೊಳ್ಳುವವರು ಇದೊಂದು ಮಾತನ್ನು ನೆನಪಿಟ್ಟುಕೊಂಡರೂ ನಾನು ಬರೆದದ್ದು ಸಾರ್ಥಕ.

ಬದಲಿ ವ್ಯವಸ್ಥೆ ಆಗುವವರೆಗೆ ಹದಿಮೂರು ದಿನ ಹಿಡಿಯಿತು. ಆ ದಿನಗಳಲ್ಲಿ ನಮ್ಮ ಯಜಮಾನರನ್ನು ಹಾಸನಕ್ಕೆ ಕಳಿಸಿ ನಾನೊಬ್ಬಳೇ ಉಳಿದೆ. ಪರದೆಗಳನ್ನೆಲ್ಲ ಇಳಿಸಿ ಒಗೆದೆ, ಆ ಮಳೆಯಲ್ಲಿ ಆರು ದಿನವಾದರೂ ಒಣಗಲಿಲ್ಲ. ನಿಕೋಟಿನ್ ಕ್ಷಾರ ಗುಣದ್ದಾದ್ದರಿಂದ ನೀರಿಗೆ ವಿನೆಗರ್ ಬೆರೆಸಿ ಒರೆಸಿದರೆ ಬಿಡುತ್ತದೆ ಎಂದು ತಿಳಿದು ಫ್ಯಾನಿನ ರೆಕ್ಕೆ, ಬಾಗಿಲು, ಟೈಲ್ಸುಗಳನ್ನು ಒರೆಸಿದೆ. ಗಟ್ಟಿ ಮೈಯ ವಸ್ತುಗಳಿಂದ ಅದು ಬಿಟ್ಟಿತು, ಹತ್ತಿಯ ಹಾಸಿಗೆಯಿಂದಲೂ ಸೋಫಾದಿಂದಲೂ ಬಿಡಲಿಲ್ಲ. ತಂಗಿಯ ಮಗ ಏರ್ ಪ್ಯೂರಿಫೈಯರ್ ಒಂದನ್ನು ಕಳಿಸಿದ್ದ. ಅದರ ಹೆಪಾ ಫಿಲ್ಟರ್ ಗಾಳಿಯಲ್ಲಿ ತೇಲುವ ಕಣಗಳನ್ನು ಹಿಡಿಯುತ್ತದೆಯೇ ಹೊರತು ಗೋಡೆ, ಹಾಸಿಗೆಗಳಿಂದ ಮತ್ತೆ ಮತ್ತೆ ಏಳುವ ಅನಿಲವನ್ನಲ್ಲ. ಅದಕ್ಕೆ ಇದ್ದಿಲಿನ ಫಿಲ್ಟರ್ ಬೇಕು, ಅದಿದ್ದರೂ ಮೂಲ ಗೋಡೆಯಲ್ಲೇ ಉಳಿದಿರುತ್ತದೆ. ಮನೆಯನ್ನು ನಾವೇ ತೊಳೆದು ಸರಿಪಡಿಸಿಕೊಳ್ಳೋಣ ಎಂಬ ಧೈರ್ಯದಿಂದ ಯಾರೂ ಒಪ್ಪಿಕೊಳ್ಳಬೇಡಿ.

ಮನೆಗೆ ಮರಳಿದ ಮೇಲೆ ಈ ವಿಷಯವನ್ನು ಹುಡುಕಿ ಓದಿದೆ. ಸೇದಿ ಮುಗಿದ ಮೇಲೂ ಗೋಡೆ, ಬಟ್ಟೆ, ಧೂಳಿನಲ್ಲಿ ಉಳಿಯುವ ಈ ಶೇಷಕ್ಕೆ ಥರ್ಡ್‌ಹ್ಯಾಂಡ್ ಸ್ಮೋಕ್ ಎಂಬ ಹೆಸರೇ ಇದೆ. ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದವರು 2010ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಸ್ತುಗಳ ಮೇಲೆ ಅಂಟಿದ ನಿಕೋಟಿನ್, ಗ್ಯಾಸ್ ಒಲೆ ಉರಿದಾಗಲೂ ವಾಹನಗಳ ಹೊಗೆಯಿಂದಲೂ ಗಾಳಿಗೆ ಸೇರುವ ನೈಟ್ರಸ್ ಆಮ್ಲದೊಂದಿಗೆ ಬೆರೆತು, ಕ್ಯಾನ್ಸರ್‌ಕಾರಕವಾದ ನೈಟ್ರೋಸಮೈನ್‌ಗಳಾಗುತ್ತದೆ. 2011ರಲ್ಲಿ ಸ್ಯಾನ್ ಡಿಯಾಗೋದ ಸಂಶೋಧಕರು, ಸೇದುವವರು ಬಿಟ್ಟುಹೋಗಿ ಎರಡು ತಿಂಗಳು ಖಾಲಿಯಿದ್ದು, ಶುಚಿಗೊಳಿಸಿ ಹೊಸಬರಿಗೆ ಕೊಟ್ಟ ಮನೆಗಳಲ್ಲಿಯೂ ಈ ಶೇಷವನ್ನು ಕಂಡರು. ಅಲ್ಲಿಗೆ ಬಂದ, ಸೇದದವರ ಬೆರಳುಗಳ ಮೇಲೂ ನಿಕೋಟಿನ್ ಇತ್ತು. ಅದನ್ನು ಓದಿದಾಗ ಬಚ್ಚಲಮನೆಯ ಹನಿ ಅಂಟಿದ ನನ್ನ ಬೆರಳು ನೆನಪಾಯಿತು. ಎಕ್ಸಾಸ್ಟ್ ಫ್ಯಾನಿನ ಮಾತಿಗೆ ಬಂದರೆ, ಗಾಳಿಯಾಡಿಸುವುದರಿಂದಾಗಲಿ ಬೇರೆ ಕೋಣೆಯಲ್ಲಿ ಸೇದುವುದರಿಂದಾಗಲಿ ಮನೆಯ ಉಳಿದವರಿಗೆ ಹೊಗೆ ತಗಲುವುದು ತಪ್ಪುವುದಿಲ್ಲ ಎಂದು ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ 2006ರ ವರದಿಯೇ ಹೇಳಿದೆ.

ನಮ್ಮಲ್ಲಿ ಇದಕ್ಕೆ ದೂರು ಕೊಡುವ ಜಾಗವಿಲ್ಲ. ತಂಬಾಕು ನಿಯಂತ್ರಣದ 2003ರ ಕಾಯ್ದೆ, 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿರುವ ನಿಯಮಗಳು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನವನ್ನು ನಿಷೇಧಿಸುತ್ತವೆ. ಒಬ್ಬರ ಸ್ವಂತ ಮನೆ ಅದರೊಳಗೆ ಬರುವುದಿಲ್ಲ. ಆದ್ದರಿಂದ ಮುಂಚೆಯೇ ಕೇಳಿ ಬರೆಸಿಕೊಂಡದ್ದಷ್ಟೇ ನಮ್ಮ ರಕ್ಷಣೆ.

ಈಗ ನಾವು ಕೇಳುವ ರೀತಿಯೇ ಬದಲಾಗಿದೆ. ನೀವು ಸೇದುತ್ತೀರಾ ಎಂದು ಕೇಳುವುದಿಲ್ಲ. ಈ ಮನೆಯ ಸೂರಿನಡಿ, ಮಳೆಗಾಲದಲ್ಲಿ, ಬಚ್ಚಲಿನಲ್ಲಿ, ಮಹಡಿಯಲ್ಲಿ, ನೀವಾಗಲಿ, ಮಗನಾಗಲಿ, ಇಸ್ಪೀಟಿಗೆ ಬರುವ ಸ್ನೇಹಿತರಾಗಲಿ, ಹಿಂದೆ ಇದ್ದವರಾಗಲಿ ಎಂದಾದರೂ ಸೇದಿದ್ದುಂಟೇ ಎಂದು ಕೇಳುತ್ತೇವೆ. ನೋಡಲು ಹೋಗುವ ಹಿಂದಿನ ರಾತ್ರಿ ಎಲ್ಲ ಕಿಟಕಿಗಳನ್ನು ಮುಚ್ಚಿಡಲು, ಬೆಳಿಗ್ಗೆ ಊದುಬತ್ತಿ ಹಚ್ಚದಿರಲು ವಿನಂತಿಸುತ್ತೇವೆ. ಬಾಗಿಲು ತೆರೆದ ಮೊದಲ ಕ್ಷಣದ ವಾಸನೆಯೇ ನಿಜವಾದದ್ದು, ಐದು ನಿಮಿಷವಾದರೆ ನಮ್ಮ ಮೂಗೂ ಒಗ್ಗಿಕೊಳ್ಳುತ್ತದೆ. ಬೀರುವಿನ ಒಳಗೆ, ಪರದೆಯ ಮಡಿಕೆಯಲ್ಲಿ, ದಿಂಬಿನಲ್ಲಿ ಮೂಸಿ ನೋಡಲು ಸಂಕೋಚ ಬೇಡ. ಬಾಗಿಲಿನ ಹಿಂಬದಿಯ ಗೋಡೆಯನ್ನು ಒದ್ದೆ ಮಾಡಿದ ಬಿಳಿ ಕರ್ಚೀಫಿನಿಂದ ಒರೆಸಿ ನೋಡಿ. ಧೂಳು ಬೂದುಬಣ್ಣಕ್ಕೆ ಬರುತ್ತದೆ, ಹೊಗೆಯ ಜಿಡ್ಡು ಹಳದಿಯಾಗಿ ಬರುತ್ತದೆ. ಏಪ್ರಿಲ್‌ನಲ್ಲಿ ಚೆನ್ನಾಗಿ ಕಂಡ ಮನೆ ಆಷಾಢದಲ್ಲಿ ಹಾಗೇ ಇರುತ್ತದೆಂದು ತಿಳಿಯಬೇಡಿ. ಯಾರಿಗಾದರೂ ಕಾಯಿಲೆಯಾದರೆ ಮೂರು ದಿನದೊಳಗೆ ಬಂದು ನಾಯಿಯನ್ನೂ ಬೀಗವನ್ನೂ ವಹಿಸಿಕೊಳ್ಳುವ ಸಂಬಂಧಿಕರೊಬ್ಬರ ಹೆಸರನ್ನು ಒಪ್ಪಂದದ ಕಾಗದದಲ್ಲಿ ಬರೆಸಿಕೊಂಡು, ಅವರೊಂದಿಗೆ ಒಮ್ಮೆ ಮಾತನಾಡಿರಿ. ಹೋದ ಮೊದಲ ದಿನವೇ ವಾಸನೆಯ ವಿಷಯವನ್ನು ವಾಟ್ಸಾಪಿನಲ್ಲಿ ಬರೆದು ಕಳಿಸುವುದೂ ಅಗತ್ಯ: ಇದಕ್ಕೂ ಹಿಂದೆ ಹಾಸನದ ಮನೆಯೊಂದರಲ್ಲಿ ಅವರದೇ ಡ್ರೈವರ್ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಸೇದುತ್ತಿದ್ದುದಕ್ಕೆ, ಹಿಂದಿರುಗಿದ ಮನೆಯವರು ಪಾಠ ಹೇಳಿ ಬದುಕಿದ ನಮ್ಮ ಯಜಮಾನರ ಮೇಲೆ ಅನುಮಾನಪಟ್ಟಿದ್ದರು. ಆ ನೋವು ಅವರಿಗೆ ಇನ್ನೂ ಹೋಗಿಲ್ಲ. ಉಬ್ಬಸದವರು, ಹೃದಯದ ತೊಂದರೆಯವರು, ಗರ್ಭಿಣಿಯರು, ನೆಲದ ಮೇಲೆ ಅಂಬೆಗಾಲಿಟ್ಟು ಕೈಯನ್ನು ಬಾಯಿಗೆ ಹಾಕುವ ಕೂಸಿರುವವರು, ವಾಸನೆ ಸ್ವಲ್ಪವೇ ಇದ್ದರೂ ಅಂತಹ ಮನೆಯನ್ನು ಒಪ್ಪಿಕೊಳ್ಳಬಾರದೆಂದೇ ನನ್ನ ದೃಢವಾದ ಅಭಿಪ್ರಾಯ.

ಜುಲೈ ಮೂರನೆಯ ವಾರ ಆಲ್ದೂರಿನ ಕಡೆಯಿಂದ ಅವರ ಸಂಬಂಧಿಕರು ಬಂದು ನಾಯಿಯನ್ನು ಕರೆದೊಯ್ದರು. ಬೀಗದ ಗೊಂಚಲನ್ನು ಎಣಿಸಿ ಕೊಟ್ಟು ನಾನು ಹಾಸನದ ಬಸ್ಸು ಹತ್ತಿದೆ. ನಮ್ಮವರ ಉಬ್ಬಸ ಮೊದಲಿನ ಹತೋಟಿಗೆ ಬರುವಾಗ ನವರಾತ್ರಿ ಬಂದಿತ್ತು. ಮೊನ್ನೆ ಸಕಲೇಶಪುರದ ಕಡೆಯ ಮನೆಯೊಂದರಿಂದ ಕೇಳಿದರು. ನಮ್ಮ ಪ್ರಶ್ನೆಗಳನ್ನು ತಾಳ್ಮೆಯಿಂದ ಕೇಳಿದ ಆ ತಾಯಿ, ತಮ್ಮ ಮಾವನವರು ಹಜಾರದಲ್ಲಿ ಕುಳಿತು ಬೀಡಿ ಸೇದುತ್ತಿದ್ದರೆಂದೂ ಅವರು ತೀರಿಕೊಂಡು ಒಂದೂವರೆ ವರ್ಷವಾಯಿತೆಂದೂ ತಾವಾಗಿಯೇ ಹೇಳಿದರು. ಅಷ್ಟು ನೇರವಾಗಿ ಹೇಳಿದ್ದಕ್ಕೆ ಕೃತಜ್ಞತೆ ತಿಳಿಸಿ, ನಮ್ಮ ಕಷ್ಟವನ್ನು ವಿವರಿಸಿ, ಅಂತಹ ತೊಂದರೆಯಿಲ್ಲದ ಇನ್ನೊಂದು ದಂಪತಿಯ ಫೋನ್ ನಂಬರನ್ನು ಅವರಿಗೆ ಕೊಟ್ಟೆವು.