ಪ್ರೋಬ್ ಹೇಳಿದ್ದೊಂದು, ವ್ಯಾಕ್ಯೂಮ್ ಟೆಸ್ಟ್ ಹೇಳಿದ್ದೊಂದು

ತುಮಕೂರಿನ ವಸಂತನರಸಾಪುರದಲ್ಲಿ ನಮ್ಮದು ಸಣ್ಣ ಅಲ್ಯೂಮಿನಿಯಂ ಫೌಂಡ್ರಿ. ಮಳೆಗಾಲ ಬಂತೆಂದರೆ ಪಿನ್‌ಹೋಲ್ (ಎರಕದೊಳಗಿನ ಸಣ್ಣ ತೂತು) ಕಾಟ ಶುರು. ಗಾಳಿಯ ತೇವ ಕರಗಿದ ಲೋಹಕ್ಕೆ ತಗುಲಿದರೆ ಹೈಡ್ರೋಜನ್ ಬಿಡುಗಡೆಯಾಗಿ ಒಳಗೆ ಸೇರುತ್ತದೆ. ಶುದ್ಧ ಅಲ್ಯೂಮಿನಿಯಂ 660 ಡಿಗ್ರಿಯಲ್ಲಿ ಗಟ್ಟಿಯಾಗುವಾಗ ಅದು ಹಿಡಿದಿಡಬಲ್ಲ ಹೈಡ್ರೋಜನ್ ಸುಮಾರು 20ರಲ್ಲಿ 1 ಪಾಲಿಗೆ ಇಳಿಯುತ್ತದೆ. ಮಿಕ್ಕಿದ್ದೇ ಗುಳ್ಳೆ.

ನಾವು ಮೊದಲಿಂದ ಮಾಡುತ್ತಿದ್ದದ್ದು ವ್ಯಾಕ್ಯೂಮ್ ಟೆಸ್ಟ್. ಒಂದು ಕಪ್ ಲೋಹವನ್ನು ಹೊರಗೆ, ಇನ್ನೊಂದನ್ನು 80 ಮಿಲಿಬಾರ್ ಒತ್ತಡದಲ್ಲಿ ಆರಲು ಬಿಡುತ್ತೇವೆ. ನೀರಿನಲ್ಲಿ ತೂಗಿ ಎರಡರ ಸಾಂದ್ರತೆಯ ವ್ಯತ್ಯಾಸ ನೋಡುತ್ತೇವೆ. ಶೇಕಡಾ ಲೆಕ್ಕದಲ್ಲಿ ಅದೇ ಡೆನ್ಸಿಟಿ ಇಂಡೆಕ್ಸ್. ಅದು ಜಾಸ್ತಿ ಬಂದಷ್ಟೂ ತೂತು ಜಾಸ್ತಿ.

ಈ ಸಲ ಎರಡು ವಾರಕ್ಕೆ ಹೈಡ್ರೋಜನ್ ಪ್ರೋಬ್ ಬಾಡಿಗೆಗೆ ತಂದೆವು. ತುದಿಯಲ್ಲಿ ಇಂಡಿಯಂ ಬೆರೆಸಿದ ಕ್ಯಾಲ್ಸಿಯಂ ಜಿರ್ಕೋನೇಟ್ ಪಿಂಗಾಣಿ. ಕಾದಾಗ ಅದರೊಳಗೆ ಪ್ರೋಟಾನ್ ಹರಿಯುತ್ತದೆ. ಒಳಗಿನ ಗೊತ್ತಿರುವ ಹೈಡ್ರೋಜನ್‌ಗೂ ಲೋಹದ ಹೈಡ್ರೋಜನ್‌ಗೂ ಇರುವ ವ್ಯತ್ಯಾಸ ವೋಲ್ಟೇಜ್ ಆಗಿ ಬರುತ್ತದೆ. ಈ ಬಗೆಯ ಪಿಂಗಾಣಿಯಲ್ಲಿ ಪ್ರೋಟಾನ್ ಹರಿಯುವುದನ್ನು ಜಪಾನಿನ ಇವಾಹಾರಾ ತಂಡ 1981ರಲ್ಲಿ ತೋರಿಸಿತ್ತು.

ಮೂರನೇ ದಿನ ಗೊಂದಲವಾಯಿತು. ಡಿಗ್ಯಾಸಿಂಗ್ (ನೈಟ್ರೋಜನ್ ಬಿಟ್ಟು ಲೋಹದ ಹೈಡ್ರೋಜನ್ ತೆಗೆಯುವುದು) ಆದಮೇಲೆ ಪ್ರೋಬ್ 100 ಗ್ರಾಂ ಲೋಹಕ್ಕೆ 0.11 ಮಿಲಿ ಹೈಡ್ರೋಜನ್ ಅಂದಿತು. ಒಳ್ಳೆ ಅಂಕಿ. ಆದರೆ ಇಂಡೆಕ್ಸ್ 8! ಕಪ್ ಕೊಯ್ದರೆ ತುಂಬ ತೂತು. ಪ್ರೋಬೇ ಕೆಟ್ಟಿದೆ ಅಂದುಕೊಂಡೆವು. ಆಮೇಲೆ ನೋಡಿದರೆ ಅವತ್ತು ಕುಲುಮೆಗೆ ಹಾಕಿದ ಲೋಹದಲ್ಲಿ ಲೇತ್ ಚೂರು ಜಾಸ್ತಿ ಹೋಗಿತ್ತು. ಚೂರಿನ ಮೇಲಿನ ಆಕ್ಸೈಡ್ ಪೊರೆ ಲೋಹದಲ್ಲಿ ಉಳಿದಿತ್ತು. ಗುಳ್ಳೆ ಹುಟ್ಟಲು ಜಾಗ ಬೇಕಲ್ವಾ, ಆ ಪೊರೆಯೇ ಜಾಗ ಕೊಟ್ಟಿತ್ತು. ಮರುದಿನ ಬರೀ ಇಂಗಾಟ್ (ಲೋಹದ ಗಟ್ಟಿ) ಹಾಕಿ, ಫ್ಲಕ್ಸ್ (ಕೊಳೆ ಬೇರ್ಪಡಿಸುವ ಪುಡಿ) ಹೊಡೆದು ಡ್ರಾಸ್ (ಮೇಲೆ ತೇಲುವ ಕೊಳೆ) ತೆಗೆದೆವು. ಪ್ರೋಬ್ ಹೆಚ್ಚುಕಡಿಮೆ ಅಷ್ಟೇ ತೋರಿಸಿತು, ಇಂಡೆಕ್ಸ್ 2ಕ್ಕೆ ಇಳಿಯಿತು. ಅಂದರೆ ಪ್ರೋಬ್ ಗ್ಯಾಸ್ ಮಾತ್ರ ಅಳೆಯುತ್ತದೆ. ವ್ಯಾಕ್ಯೂಮ್ ಟೆಸ್ಟಿನಲ್ಲಿ ಗ್ಯಾಸು, ಕೊಳೆ ಎರಡೂ ಕಲೆತು ಕಾಣುತ್ತವೆ.

ಪ್ರೋಬ್ ಗೆದ್ದದ್ದು ಡಿಗ್ಯಾಸಿಂಗ್ ಸಮಯ ಗೊತ್ತುಮಾಡುವುದರಲ್ಲಿ. ಸೋನೆ ಮಳೆಯ ದಿನ 12 ನಿಮಿಷ ಆದಮೇಲೆ ಅಂಕಿ ಇಳಿಯಲೇ ಇಲ್ಲ. ತೆಗೆದಷ್ಟನ್ನೂ ತೇವದ ಗಾಳಿ ವಾಪಸ್ ತುಂಬುತ್ತಿತ್ತು. ನಾವು ಸುಮ್ನೆ 20 ನಿಮಿಷ ನೈಟ್ರೋಜನ್ ಬಿಡುತ್ತಿದ್ದೆವು.

ಪ್ರೋಬ್ ತುಂಬ ನಾಜೂಕು. ನಿಧಾನವಾಗಿ ಕಾಯಿಸಿ ಇಳಿಸಬೇಕು. ಅವಸರದಲ್ಲಿ ಅದ್ದಿ ಒಂದು ತುದಿ ಸೀಳಿತು.

ನಮ್ಮಂಥ ಫೌಂಡ್ರಿಗೆ ದಿನದ ಕೆಲಸಕ್ಕೆ ವ್ಯಾಕ್ಯೂಮ್ ಟೆಸ್ಟೇ ಸರಿ. ಎರಕ ಕೆಡಲು ಗ್ಯಾಸು, ಕೊಳೆ ಎರಡೂ ಕಾರಣ ತಾನೇ? ಮಳೆಗಾಲದ ಮೊದಲ ವಾರ ಮಾತ್ರ ಪ್ರೋಬ್ ಬಾಡಿಗೆಗೆ ತಂದು, ಡಿಗ್ಯಾಸಿಂಗ್ ಸಮಯ ಗೊತ್ತುಮಾಡಿಕೊಂಡು ವಾಪಸ್ ಕಳಿಸುತ್ತೇವೆ.