ಇಂಗ್ಲೆಂಡಿನಲ್ಲಿ ಮನೆ ಕೊಳ್ಳುವಾಗ: ಆನ್‌ಲೈನ್ ಕನ್ವೇಯನ್ಸಿಂಗ್ ಅಗ್ಗ ಅನ್ನುವುದು ಎಷ್ಟು ನಿಜ?

ಬೆಂಗಳೂರಿನಲ್ಲಿ ಸೈಟು ಕೊಳ್ಳುವಾಗ ಇಸಿ, ಮದರ್ ಡೀಡ್, ಖಾತೆ ನೋಡಿ ಒಪಿನಿಯನ್ ಬರೆದುಕೊಟ್ಟರೆ ವಕೀಲರ ಕೆಲಸ ಹೆಚ್ಚುಕಡಿಮೆ ಮುಗಿಯಿತು. ದುಡ್ಡು ಕೊಡುವುದು, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹೆಬ್ಬೆಟ್ಟು ಒತ್ತುವುದು ನಮ್ಮ ಪಾಲು. ಇಂಗ್ಲೆಂಡ್, ವೇಲ್ಸ್‌ನಲ್ಲಿ ಹಾಗಲ್ಲ. ನಿಮ್ಮ ಮುಂಗಡ, ಬ್ಯಾಂಕಿನ ಸಾಲ ಎರಡೂ ಕನ್ವೇಯನ್ಸರ್, ಅಂದರೆ ಆಸ್ತಿ ವರ್ಗಾವಣೆಯ ಕಾನೂನು ಕೆಲಸ (ಕನ್ವೇಯನ್ಸಿಂಗ್) ಮಾಡುವವರ ಹತ್ತಿರವೇ ಹೋಗುತ್ತವೆ. ತೆರಿಗೆ ಕಟ್ಟುವವರು, ಲ್ಯಾಂಡ್ ರಿಜಿಸ್ಟ್ರಿಯಲ್ಲಿ ನಿಮ್ಮ ಹೆಸರು ಏರಿಸುವವರು ಅವರೇ. ಮೂರು ನಾಲ್ಕು ತಿಂಗಳ ಸಂಬಂಧ ಇದು. ಇಷ್ಟಾದರೂ ಜನ ಇವರನ್ನು ಆರಿಸುವುದು ಸೋಫಾ ಆರಿಸುವುದಕ್ಕಿಂತ ಕಡಿಮೆ ಹೊತ್ತಿನಲ್ಲಿ.

ಈ ಕೆಲಸ ಸಾಲಿಸಿಟರ್ (ವಕೀಲರು) ಮಾಡಬಹುದು, ಆಸ್ತಿ ವರ್ಗಾವಣೆಯಲ್ಲೇ ಪರಿಣತರಾದ ಲೈಸೆನ್ಸ್ಡ್ ಕನ್ವೇಯನ್ಸರ್ ಕೂಡ ಮಾಡಬಹುದು. ಸಾಮಾನ್ಯ ಮನೆಗೆ ಇಬ್ಬರಲ್ಲಿ ಯಾರಾದರೂ ಸರಿ. ನೋಡಬೇಕಾದದ್ದು ನಿಮ್ಮ ಬ್ಯಾಂಕಿನ ಪ್ಯಾನೆಲ್‌ನಲ್ಲಿ (ಬ್ಯಾಂಕು ಒಪ್ಪಿದ ಸಂಸ್ಥೆಗಳ ಪಟ್ಟಿಯಲ್ಲಿ) ಅವರ ಸಂಸ್ಥೆ ಇದೆಯೇ ಎಂದು. ಇಲ್ಲದಿದ್ದರೆ ಬ್ಯಾಂಕು ತನ್ನ ಪರವಾಗಿ ಇನ್ನೊಬ್ಬರನ್ನು ಹಾಕುತ್ತದೆ, ಆ ಶುಲ್ಕವೂ ಸಾಮಾನ್ಯವಾಗಿ ನಿಮ್ಮ ತಲೆಗೇ. ಎಸ್ಟೇಟ್ ಏಜೆಂಟ್ 'ನಮ್ಮವರಿದ್ದಾರೆ' ಅಂದರೆ ಅದರ ಹಿಂದೆ ಹೆಚ್ಚಾಗಿ ರೆಫರಲ್ ಕಮಿಷನ್ ಇರುತ್ತದೆ. ಎಷ್ಟು ಎಂದು ಕೇಳುವುದರಲ್ಲಿ ಸಂಕೋಚ ಬೇಡ, ಹೇಳಲೇಬೇಕು.

ಇನ್ನು ದರ. ವೆಬ್‌ಸೈಟಿನಲ್ಲಿ 599 ಪೌಂಡ್ ಅಂತ ದಪ್ಪ ಅಕ್ಷರದಲ್ಲಿದ್ದರೆ, 20% ವ್ಯಾಟ್ ಸೇರಿ 718.80. ಕೆಳಗಿನ ಸಣ್ಣ ಅಕ್ಷರದಲ್ಲಿ ಸಾಲುಸಾಲಾಗಿ ಬರುತ್ತವೆ: ಲೀಸ್‌ಹೋಲ್ಡ್ (ಜಾಗ ಪೂರ್ತಿ ನಿಮ್ಮದಾಗುವ ಫ್ರೀಹೋಲ್ಡ್ ಅಲ್ಲ, ದೀರ್ಘಾವಧಿಯ ಗುತ್ತಿಗೆ) ಆದರೆ ಇಷ್ಟು, ಅಪ್ಪ ಅಮ್ಮ ಕೊಟ್ಟ ಹಣ ಇದ್ದರೆ ಇಷ್ಟು, ಲೈಫ್‌ಟೈಮ್ ಐಸಾ (ಸರ್ಕಾರದ ಬೋನಸ್ ಸಿಗುವ ಉಳಿತಾಯ ಖಾತೆ) ಇದ್ದರೆ ಇಷ್ಟು, ತೆರಿಗೆ ಫಾರಂ ತುಂಬಲು, ಬ್ಯಾಂಕ್ ವರ್ಗಾವಣೆಗೆ, ಗುರುತು ಪರಿಶೀಲನೆಗೆ ಬೇರೆಬೇರೆ. ಸರ್ಚ್‌ಗಳು (ಕೌನ್ಸಿಲ್ ಮುಂತಾದವರಲ್ಲಿ ಆಸ್ತಿಯ ಬಗ್ಗೆ ಮಾಡಿಸುವ ವಿಚಾರಣೆ) ಮತ್ತು ನೋಂದಣಿ ಶುಲ್ಕ ಯಾರ ಹತ್ತಿರ ಹೋದರೂ ಇರುವಂಥದ್ದೇ. ಆದ್ದರಿಂದ ಮನೆಯ ಬೆಲೆ, ಲೀಸ್‌ಹೋಲ್ಡೋ ಫ್ರೀಹೋಲ್ಡೋ, ಹಣ ಎಲ್ಲಿಂದ ಎಂಬುದನ್ನೆಲ್ಲ ಬರೆದು ತಿಳಿಸಿ, ಒಟ್ಟು ಮೊತ್ತದ ಕೊಟೇಶನ್ ತರಿಸಿಕೊಂಡು ಮೂರನ್ನು ಅಕ್ಕಪಕ್ಕ ಇಟ್ಟು ನೋಡಿ. ಅಗ್ಗದ್ದೆಂದು ಕಂಡದ್ದು ಆಮೇಲೆ ಅಗ್ಗವಾಗಿ ಉಳಿಯುವುದು ಅಪರೂಪ.

ದೊಡ್ಡ ಆನ್‌ಲೈನ್ ಸಂಸ್ಥೆಗಳ ಪೋರ್ಟಲ್ ಚೆನ್ನಾಗಿರುತ್ತದೆ; ರಾತ್ರಿ ಹನ್ನೊಂದಕ್ಕೂ ದಾಖಲೆ ಏರಿಸಬಹುದು. ತೊಂದರೆ ಇರುವುದು ಫೈಲು ಕೈಯಿಂದ ಕೈಗೆ ದಾಟುವುದರಲ್ಲಿ. ಸರ್ಚ್ ನೋಡುವವರು ಒಬ್ಬರು, ಎದುರು ಪಕ್ಷಕ್ಕೆ ಪ್ರಶ್ನೆ ಕಳಿಸುವವರು ಇನ್ನೊಬ್ಬರು, ಫೋನ್ ಎತ್ತುವವರಿಗೆ ಎರಡೂ ಗೊತ್ತಿಲ್ಲ. ಸೇರುವ ಮುಂಚೆಯೇ ಕೇಳಿ: ನನ್ನ ಫೈಲು ಯಾರ ಹೆಸರಿನಲ್ಲಿರುತ್ತದೆ, ಅವರು ರಜೆ ಹೋದರೆ ಯಾರು, ನೇರ ಫೋನ್ ನಂಬರ್ ಇದೆಯೇ? ಉತ್ತರ 'ನಮ್ಮ ತಂಡ' ಎಂದಾದರೆ ಮುಂದಿನದನ್ನು ಊಹಿಸಿಕೊಳ್ಳಿ.

ನಮ್ಮವರ ಫೈಲು ಹೆಚ್ಚಾಗಿ ನಿಲ್ಲುವ ಜಾಗ ಹಣದ ಮೂಲ. ಮೈಸೂರಿನಿಂದ ಅಪ್ಪ ಕಳಿಸಿದ ಹಣಕ್ಕೆ ಅವರ ಪಾಸ್‌ಪೋರ್ಟ್, ವಾಪಸು ಕೇಳುವುದಿಲ್ಲವೆಂಬ ಪತ್ರ, ಸಾಮಾನ್ಯವಾಗಿ ಆರು ತಿಂಗಳ ಸ್ಟೇಟ್‌ಮೆಂಟ್ ಕೇಳುತ್ತಾರೆ. ಸೈಟು ಮಾರಿದ ಹಣವಾದರೆ ಕ್ರಯಪತ್ರ, ಅದು ಕನ್ನಡದಲ್ಲಿದ್ದರೆ ದೃಢೀಕೃತ ಇಂಗ್ಲಿಷ್ ಅನುವಾದ. ಭಾರತದ ನಿವಾಸಿಯೊಬ್ಬರು ಆರ್ಥಿಕ ವರ್ಷಕ್ಕೆ 2,50,000 ಡಾಲರ್‌ವರೆಗೆ ಕಳಿಸಬಹುದು, ಹಾಗಾಗಿ ಮಿತಿಗಿಂತ ಕಾಗದವೇ ಕಷ್ಟ. ಆಫರ್ ಒಪ್ಪಿಗೆಯಾದ ವಾರವೇ ಇದನ್ನು ಶುರು ಮಾಡಿ. 'ಅಲ್ಲಿ ನಮ್ಮಪ್ಪ ನಿಮ್ಮಪ್ಪನಿಗೆ ರೂಪಾಯಿ ಕೊಡುತ್ತಾರೆ, ಇಲ್ಲಿ ನೀನು ನನಗೆ ಪೌಂಡ್ ಕೊಡು' ಎಂಬ ಸ್ನೇಹಿತರ ಹೊಂದಾಣಿಕೆ ಇಲ್ಲಿ ನಡೆಯುವುದೇ ಇಲ್ಲ. ಹಣ ಶುಭ್ರವಾಗಿದ್ದರೂ ಸಾಲಿಸಿಟರ್ ಮುಟ್ಟುವುದಿಲ್ಲ.

ಅದಕ್ಕಿಂತ ದುಬಾರಿ ತಪ್ಪು ಊರಿನ ಮನೆಯದು. ಇಂಗ್ಲೆಂಡಿನಲ್ಲಿ ಮೊದಲ ಬಾರಿ ಕೊಳ್ಳುವವರಿಗಿರುವ ಸ್ಟ್ಯಾಂಪ್ ಡ್ಯೂಟಿ (ಮನೆ ಕೊಳ್ಳುವಾಗ ಕಟ್ಟುವ ತೆರಿಗೆ) ರಿಯಾಯಿತಿ, ಪ್ರಪಂಚದಲ್ಲಿ ಎಲ್ಲೂ ಎಂದೂ ಮನೆ ಹೊಂದಿರದವರಿಗೆ ಮಾತ್ರ. ಪಿತ್ರಾರ್ಜಿತವಾಗಿ ಬಂದ ಪಾಲೂ ಲೆಕ್ಕಕ್ಕೆ ಬರುತ್ತದೆ. 2025ರ ಏಪ್ರಿಲ್‌ನಿಂದ ಇರುವ ದರದಲ್ಲಿ 4,00,000 ಪೌಂಡ್ ಮನೆಗೆ ರಿಯಾಯಿತಿ ಇದ್ದವರು ಕಟ್ಟುವುದು 5,000, ಇಲ್ಲದವರು 10,000. ಬೆಂಗಳೂರಿನಲ್ಲಿ 40,000 ಪೌಂಡಿಗಿಂತ ಹೆಚ್ಚು ಬೆಲೆಯ ಫ್ಲ್ಯಾಟ್ ಇಟ್ಟುಕೊಂಡು, ಇಲ್ಲಿ ಬಾಡಿಗೆಯಲ್ಲಿದ್ದವರು ಕೊಂಡರೆ 5% ಹೆಚ್ಚುವರಿ ಸೇರಿ 30,000. ಫ್ಲ್ಯಾಟ್ ಹೆಂಡತಿಯ ಹೆಸರಿನಲ್ಲಿದ್ದು, ಇಲ್ಲಿನ ಮನೆ ಗಂಡನ ಹೆಸರಿಗೆ ಮಾತ್ರ ಆದರೂ ಹೆಚ್ಚುವರಿ ತಪ್ಪದು. ಅಗ್ಗದ ಸೇವೆಗಳ ಷರತ್ತಿನಲ್ಲಿ 'ತೆರಿಗೆ ಸಲಹೆ ಸೇರಿಲ್ಲ' ಎಂಬ ಸಾಲು ಇದ್ದೇ ಇರುತ್ತದೆ. ಊರಲ್ಲಿ ಏನಾದರೂ ಇದ್ದರೆ ಆ ಸಾಲು ಹುಡುಕಿಯೇ ಸಹಿ ಹಾಕಿ.

ಸಾಲಿಸಿಟರ್ ಮನೆ ನೋಡಲು ಬರುವುದಿಲ್ಲ. ನಮ್ಮ ಕ್ರಯಪತ್ರದಂತೆ ಚೆಕ್ಕುಬಂದಿಯ ವಿವರಣೆ ಇಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ನಕ್ಷೆಯ ಮೇಲೆ ಒಂದು ಕೆಂಪು ಗೆರೆ, ಅಷ್ಟೇ. ಅದು ನಿಮ್ಮ ಕೈಗೆ ಬಂದಾಗ ಮನೆ ಹತ್ತಿರ ಹೋಗಿ ಹಿಡಿದು ನೋಡಿ. ಹಿತ್ತಿಲ ಬೇಲಿ ಗೆರೆಯ ಆಚೆಗಿದೆಯೇ? ಏಜೆಂಟ್ ತೋರಿಸಿದ ಪಾರ್ಕಿಂಗ್ ಜಾಗ ಗೆರೆಯೊಳಗಿದೆಯೇ? ಕಾಣುವುದು ನಿಮಗೆ ಮಾತ್ರ. ಅಟ್ಟವನ್ನು ರೂಮು ಮಾಡಿದ್ದು ಕಂಡರೆ ಬಿಲ್ಡಿಂಗ್ ರೆಗ್ಯುಲೇಶನ್ ಪ್ರಮಾಣಪತ್ರ ಕೇಳಲು ಹೇಳಿ. ಅದು ಸಿಗದಿದ್ದರೆ ಕೌನ್ಸಿಲ್‌ಗೆ ನೀವೇ ಫೋನ್ ಮಾಡಲು ಹೋಗಬೇಡಿ: ಒಮ್ಮೆ ಅವರ ಕಿವಿಗೆ ಬಿದ್ದರೆ, ಆ ಕೊರತೆಗೆ ಕೊಡುವ ಇಂಡೆಮ್ನಿಟಿ ವಿಮೆ ಸಿಗುವುದಿಲ್ಲ. ಆ ವಿಮೆಯಾದರೂ ಕೌನ್ಸಿಲ್ ಕ್ರಮ ಕೈಗೊಂಡರೆ ಆಗುವ ನಷ್ಟಕ್ಕೆ, ತೊಲೆ ಗಟ್ಟಿಯಿದೆ ಎಂಬುದಕ್ಕಲ್ಲ. ತೊಲೆಗೆ ಸರ್ವೇಯರ್ ಬೇಕು.

ಎಕ್ಸ್‌ಚೇಂಜ್, ಅಂದರೆ ಎರಡೂ ಕಡೆಯವರು ಸಹಿ ಹಾಕಿದ ಕರಾರುಗಳ ವಿನಿಮಯ, ಆಗುವವರೆಗೆ ಯಾರು ಬೇಕಾದರೂ ಹಿಂದೆ ಸರಿಯಬಹುದು. ಆದಮೇಲೆ ಸರಿದರೆ ನಿಮ್ಮ 10% ಮುಂಗಡ ಹೋಯಿತು. ಸಾಮಾನ್ಯ ಕರಾರಿನಲ್ಲಿ ಮನೆಯ ಅಪಾಯವೂ ಅಂದಿನಿಂದಲೇ ನಿಮ್ಮದು, ಹಾಗಾಗಿ ಕಟ್ಟಡದ ವಿಮೆ ಕೀಲಿಕೈ ಸಿಕ್ಕ ದಿನದಿಂದಲ್ಲ, ಎಕ್ಸ್‌ಚೇಂಜ್ ದಿನದಿಂದ. ಹಣ ಕಳಿಸುವ ಮುನ್ನ 'ನಮ್ಮ ಬ್ಯಾಂಕ್ ವಿವರ ಬದಲಾಗಿದೆ' ಎಂಬ ಇಮೇಲ್ ಬಂದರೆ ಅದು ಮೋಸವೆಂದೇ ತಿಳಿಯಿರಿ. ಮೊದಲ ದಿನ ಕೊಟ್ಟ ನಂಬರಿಗೆ ಫೋನ್ ಮಾಡಿ, 1 ಪೌಂಡ್ ಕಳಿಸಿ, ಬಂತೆಂದು ಅವರ ಬಾಯಿಂದ ಕೇಳಿ, ಆಮೇಲೆ ಉಳಿದದ್ದು.

ತೀರ್ಪು ಹೇಳುವುದಾದರೆ: ಫ್ರೀಹೋಲ್ಡ್ ಮನೆ, ಇಲ್ಲಿನ ಸಂಬಳದ ಉಳಿತಾಯ, ಊರಲ್ಲಿ ಆಸ್ತಿ ಇಲ್ಲ ಎಂದರೆ ಆನ್‌ಲೈನ್ ಸೇವೆ ಸಾಕು. ಲೀಸ್‌ಹೋಲ್ಡ್ ಫ್ಲ್ಯಾಟ್, ಅಪ್ಪನ ಹಣ, ಊರಿನ ಮನೆಯಲ್ಲಿ ಪಾಲು, ಇವುಗಳಲ್ಲಿ ಒಂದಿದ್ದರೂ ಮುನ್ನೂರು ನಾನೂರು ಪೌಂಡ್ ಹೆಚ್ಚು ಕೊಟ್ಟು, ಹೆಸರು ಹಿಡಿದು ಮಾತಾಡಿಸಬಹುದಾದ ಸಾಲಿಸಿಟರ್ ಹಿಡಿಯಿರಿ. ಯಾರೇ ಆಗಲಿ, ಕೀಲಿಕೈ ಸಿಕ್ಕಿ ಕೆಲವು ತಿಂಗಳಾದ ಮೇಲೆ ಲ್ಯಾಂಡ್ ರಿಜಿಸ್ಟ್ರಿಯಿಂದ 7 ಪೌಂಡ್ ಕೊಟ್ಟು ಪ್ರತಿ ತೆಗೆದು, ಹೆಸರಿನ ಕಾಗುಣಿತ ನೋಡಿಕೊಳ್ಳಿ. ಇನಿಷಿಯಲ್ ಬಿಡಿಸಿ ಬರೆಯುವಾಗ ಅಪ್ಪನ ಹೆಸರೇ ಸರ್‌ನೇಮ್ ಆಗಿ ಕೂತಿರುವುದು ನಮ್ಮವರ ದಾಖಲೆಗಳಲ್ಲಿ ಹೊಸದೇನಲ್ಲ.